ಕೆಮ್ಮುವ ನಳ್ಳಿಗೆ ಬಂದ ಪರ್ಬುಗಳು

ತಾನು ಹೇಳಿದ್ದು ಸುಳ್ಳಾಯಿತೆಂದು ಗೊತ್ತಾದ ಗಳಿಗೆಯಲ್ಲೇ ಮುಖ ಅರಳುವ ಮನುಷ್ಯರನ್ನು ಸಫೂರಾ ತನ್ನ ಆಯುಷ್ಯದಲ್ಲಿ ಕಂಡದ್ದು ಒಬ್ಬರನ್ನೇ. ಉಳಿದವರೆಲ್ಲ, ಅವಳ ಗಂಡ ಹಂಝನನ್ನೂ ಸೇರಿಸಿ, ತಮ್ಮ ಮಾತು ತಪ್ಪಾದರೆ ಮೊದಲು ದನಿ ಏರಿಸುತ್ತಿದ್ದರು, ಆಮೇಲೆ ವಿಷಯ ಬದಲಿಸುತ್ತಿದ್ದರು, ಅದೂ ಸಾಗದಿದ್ದರೆ ಊಟಕ್ಕೆ ಇನ್ನೆಷ್ಟು ಹೊತ್ತೆಂದು ಕೇಳುತ್ತಿದ್ದರು. ಲ್ಯಾನ್ಸ್‌ಲಾಟ್ ಪರ್ಬುಗಳು ಮಾತ್ರ ತಮ್ಮ ಊಹೆ ನೆಲಕಚ್ಚಿದೊಡನೆ ಮೀಸೆಯ ತುದಿಯನ್ನು ಹೆಬ್ಬೆರಳಿನಿಂದ ನೇವರಿಸಿಕೊಂಡು, ಕರೆಯದೆ ನೆಂಟರು ಬಂದಾಗ ಒಳ್ಳೆಯ ಗೃಹಸ್ಥರು ಪಡುವಂಥ ಸಂತೋಷದಲ್ಲಿ, “ಇದಲ್ಲ. ಒಳ್ಳೆಯದಾಯಿತು,” ಎನ್ನುತ್ತಿದ್ದರು. ಮೊದಲ ಸಲ ಈ ಮಾತು ಕೇಳಿದಾಗ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದ ಸಫೂರಾಳಿಗೆ, ಈ ಮನುಷ್ಯನ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬ ಸಂಶಯ ಬಂದಿತ್ತು.

ಲ್ಯಾನ್ಸ್‌ಲಾಟ್ ಪಾಂಬೂರಿನ ಕಡೆಯವರು. ದೋಹಾದ ವೆಸ್ಟ್ ಬೇಯ ಒಂದು ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ಹಿರಿಯ ಗುಮಾಸ್ತರಾಗಿ, ಅಲ್ ಹಿಲಾಲ್‌ನ ಸಣ್ಣ ಮನೆಯಲ್ಲಿ ಹೆಂಡತಿ ಎಡ್ನಾಬಾಯಿಯೊಂದಿಗೆ ಸಂಸಾರ ಹೂಡಿ, ಊರಿನ ಗಂಜಿಯನ್ನೂ ಕೊಂಕಣಿಯ ಜಪಮಾಲೆಯನ್ನೂ ಬಿಡದೆ ಐವತ್ತರ ಆಸುಪಾಸಿಗೆ ಬಂದು ತಲುಪಿದ್ದರು. ಆ ಗಂಜಿಯೇ ಅವರಿಗೂ ಹಂಝನಿಗೂ ಗಂಟುಹಾಕಿದ್ದು. ಮದೀನತ್ ಖಲೀಫಾದಲ್ಲಿದ್ದ ಹಂಝನ ಅಂಗಡಿಯಲ್ಲಿ ಊರಿನ ಕುಚ್ಚಲಕ್ಕಿ, ಒಣಮೀನು, ಹುಣಸೆ, ಬ್ಯಾಡಗಿ ಮೆಣಸು ಸಿಗುತ್ತಿದ್ದವು. ಅವುಗಳ ಜೊತೆಗೆ ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಂಬ ನಾಲ್ಕು ಭಾಷೆಗಳಲ್ಲಿ ಊರಿನ ಸುದ್ದಿಯೂ ಸಿಗುತ್ತಿತ್ತು. ಕರಾವಳಿಯ ವಾಡಿಕೆಯಂತೆ ಹಂಝ ಆ ಕ್ರೈಸ್ತ ಹಿರಿಯರನ್ನು ‘ಪರ್ಬುಗಳೇ’ ಎಂದು ಗೌರವದಿಂದ ಕರೆದರೆ, ಅವರು ತಮಗಿಂತ ಎಷ್ಟೋ ಕಿರಿಯನಾದ ಹಂಝನನ್ನು ಅಷ್ಟೇ ಗಾಂಭೀರ್ಯದಿಂದ ‘ಬ್ಯಾರಿಗಳೇ’ ಎಂದು ಕರೆಯುತ್ತಿದ್ದರು.

ಅವರ ಕೋಟಿನ ಬಗ್ಗೆ ಹೇಳದೆ ಅವರ ಬಗ್ಗೆ ಹೇಳುವುದು ಸಾಧ್ಯವಿಲ್ಲ. ಬೂದು ಬಣ್ಣದ, ಮೊಣಕೈ ಬಳಿ ಸವೆದು ಹೊಳಪುಗಟ್ಟಿದ ಕೋಟು. ಕಚೇರಿಯ ಏಸಿಯ ಚಳಿ ಮೂಳೆಗೆ ಇಳಿಯುತ್ತದೆಂದು ಹೊಲಿಸಿಕೊಂಡದ್ದು ಕ್ರಮೇಣ ಕಚೇರಿಯಿಂದ ಬೀದಿಗೆ, ಬೀದಿಯಿಂದ ಜೂನ್ ತಿಂಗಳ ಉರಿಬಿಸಿಲಿಗೆ ಕಾಲಿಟ್ಟು, ಕೊನೆಗೆ ಅವರ ಮೈಯ ಒಂದು ಭಾಗವೇ ಆಗಿಬಿಟ್ಟಿತ್ತು. ನೆರಳಿನಲ್ಲಿ ನಿಂತವರೂ ಬೆವರೊರೆಸಿಕೊಳ್ಳುವ ಮಧ್ಯಾಹ್ನದಲ್ಲಿ ಪರ್ಬುಗಳು ಕೋಟು ತೊಟ್ಟು ಹಾದುಹೋಗುವುದನ್ನು ಕಂಡು ಪಠಾಣ ಟ್ಯಾಕ್ಸಿಯವರು ಹಾರ್ನ್ ಹೊಡೆದು ನಗುತ್ತಿದ್ದರು. ಅವರು ಅದನ್ನು ನಮಸ್ಕಾರವೆಂದು ತಿಳಿದು ಕೈ ಎತ್ತುತ್ತಿದ್ದರು. ಅದರ ಜೇಬುಗಳಲ್ಲಿ ಏನೇನಿರುತ್ತಿತ್ತೆಂದು ಎಡ್ನಾಬಾಯಿಗೂ ಪೂರ್ತಿ ಗೊತ್ತಿರಲಿಲ್ಲ.

ಎಡಗಿವಿ ಮಂದವಾದ್ದರಿಂದ ಅವರು ಬಲಗಿವಿಯನ್ನು ಮುಂದೆ ಮಾಡಿಕೊಂಡು, ಮೈಯನ್ನು ತುಸು ವಾರೆ ಮಾಡಿ ನಡೆಯುತ್ತಿದ್ದರು. ದಾರಿಯಲ್ಲಿ ಯಾವುದಾದರೂ ಯಂತ್ರ ಅಪಸ್ವರ ಹೊರಡಿಸಿದರೆ ಕಾಲು ಅಲ್ಲೇ ನಿಂತುಬಿಡುತ್ತಿತ್ತು. ಒಮ್ಮೆ ತಮ್ಮದೇ ಕಾರಿನಲ್ಲಿ ಕಿಣಿಕಿಣಿ ಸದ್ದೊಂದು ಶುರುವಾದಾಗ ಗ್ಯಾರೇಜಿಗೆ ಹೋಗದೆ, ದಿನಕ್ಕೊಂದು ವಸ್ತುವನ್ನು ಮಾತ್ರ ಕಾರಿನಿಂದ ಹೊರಗಿಟ್ಟು ಓಡಿಸಿ ನೋಡಿದರಂತೆ. ಇವತ್ತು ಜಾಕು, ನಾಳೆ ಕೊಡೆ, ನಾಡಿದ್ದು ಹಿಂದಿನ ಸೀಟು. ಒಟ್ಟಿಗೆ ಎಲ್ಲ ತೆಗೆದರೆ ಸದ್ದೇನೋ ನಿಲ್ಲುತ್ತದೆ, ಆದರೆ ನಿಂತದ್ದು ಏಕೆಂದು ತಿಳಿಯುವುದಿಲ್ಲ ಎಂಬುದು ಅವರ ವಾದ. ಕೊನೆಗೆ ಸಿಕ್ಕಿದ್ದು ಬಾಗಿಲ ಸಂದಿಯಲ್ಲಿ ಬಿದ್ದಿದ್ದ ಒಂದು ಚಮಚ. ಅಷ್ಟರಲ್ಲಿ ಎಡ್ನಾಬಾಯಿ ಹಿಂದಿನ ಸೀಟಿಲ್ಲದ ಕಾರಿನಲ್ಲಿ ಒಂದು ಮದುವೆಗೂ ಒಂದು ನಾಮಕರಣಕ್ಕೂ ಹೋಗಿ ಬಂದಿದ್ದರು. ಅದನ್ನು ಹೇಳುವಾಗ ಎಡ್ನಾಬಾಯಿಯ ಕಣ್ಣಲ್ಲಿ ನೀರು ಬರುತ್ತಿತ್ತು, ನಗುವಿನಿಂದಲೋ ಅಲ್ಲವೋ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಇಂಥ ಮನುಷ್ಯ ಸಫೂರಾಳ ಅಂಗಳಕ್ಕೆ ಬಂದದ್ದು ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ, ಅವಳ ಸಂಸಾರ ಒಂದು ನೀರಿನ ನಳ್ಳಿಯ ಬಾಯಲ್ಲಿ ಸಿಕ್ಕಿಕೊಂಡಿದ್ದಾಗ.

ಹಂಝ ಬಾಡಿಗೆಗೆ ಹಿಡಿದಿದ್ದದ್ದು ಮದೀನತ್ ಖಲೀಫಾದ ಆಚೆ, ಡಾಂಬರು ಮುಗಿದು ಮರಳು ಶುರುವಾಗುವಲ್ಲಿ, ಬೂ ನಾಸಿರ್ ಎಂಬ ಖತರಿ ಮುದುಕರ ಹಳೆಯ ತೋಟದ ಮೂಲೆಯ ಮನೆ. ಕೆಲವು ಖರ್ಜೂರದ ಮರ, ಒಂದು ಆಡಿನ ದೊಡ್ಡಿ, ಕಲ್ಲು ಕಟ್ಟಿದ ಒಂದು ಬಾವಿ. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ತುಸು ಉಪ್ಪುಪ್ಪಾದ ಬಾವಿನೀರೇ ಗತಿ. ಬಾವಿಕಟ್ಟೆಯ ಪಕ್ಕದ ಪಂಪಿನ ಸ್ವಿಚ್ಚು ಹಾಕಿದರೆ ನಳ್ಳಿಯಲ್ಲಿ ನೀರು. ಮದುವೆಯಾಗಿ ವರ್ಷಗಟ್ಟಲೆ ಊರಾದ ಕಾಟಿಪಳ್ಳದಲ್ಲಿ ಗಂಡ ಮಾತು ತುಂಬಿಸಿ ಕಳಿಸಿದ ಕ್ಯಾಸೆಟ್ಟಿನ ದನಿ ಕೇಳಿಕೊಂಡೇ ಕಳೆದ ಸಫೂರಾಳಿಗೆ ಈ ಮನೆಯಿಂದಾಗಿಯೇ ಫ್ಯಾಮಿಲಿ ವೀಸಾ ಸಿಕ್ಕಿದ್ದು, ಇಲ್ಲಿಗೆ ಬಂದ ಮೇಲೆಯೇ ಶೈಮಾ ಹುಟ್ಟಿದ್ದು. ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಸಳೆಯ ಕಡ್ಡಿ, ಬಾಳೆಯ ಗಡ್ಡೆ, ಹರಿವೆಯ ಬೀಜಗಳನ್ನು ಅವಳು ಆ ಮರಳಿನಲ್ಲಿ ನೆಟ್ಟು, ಆಡಿನ ಗೊಬ್ಬರ ಹಾಕಿ, ಸಂಜೆ ಸಂಜೆಗೆ ಪೈಪು ಹಿಡಿದು ನಿಂತು, ಊರನ್ನೇ ಒಂದು ತುಂಡು ಕತ್ತರಿಸಿ ತಂದವಳಂತೆ ಬೆಳೆಸಿದ್ದಳು. ಬಸಳೆ ಚಪ್ಪರ ಹತ್ತಿತು. ದೋಹಾದ ಎಷ್ಟೋ ಮನೆಗಳ ಒಣಸೀಗಡಿ ಸಾರಿಗೆ ಸೊಪ್ಪು ಅಲ್ಲಿಂದಲೇ ಹೋಗುತ್ತಿತ್ತು.

ಅಷ್ಟರಲ್ಲಿ ನಳ್ಳಿಗೆ ಕೆಮ್ಮು ಹಿಡಿಯಿತು. ನೀರು ನಿಂತು ನಿಂತು ಉಗುಳಿದ ಹಾಗೆ ಬರುವುದು, ಬಕೀಟಿನಲ್ಲಿ ಹಾಲಿನಂತೆ ಬೆಳ್ಳಗಾಗುವುದು, ಆಮೇಲೆ ಗಾಳಿಯೇ ಗಾಳಿ. ಪಂಪು ಒಣಗಿದ ಗಂಟಲಲ್ಲಿ ಓಡಿ ಓಡಿ ಒಂದು ದಿನ ಮೋಟಾರು ಸುಟ್ಟೇ ಹೋಯಿತು. ಬೂ ನಾಸಿರ್ ಹೊಸದು ಹಾಕಿಸಿಕೊಟ್ಟರು, ಆದರೆ ಇದು ತಂದೆಯ ಕಾಲದ ಬಾವಿ, ಯಾರೂ ಹೀಗೆ ಕೆಡಿಸಿರಲಿಲ್ಲ, ಇನ್ನೊಂದು ಮೋಟಾರು ಸುಟ್ಟರೆ ಬೇರೆ ಮನೆ ನೋಡಿಕೊಳ್ಳಿ ಎಂದು ಹೇಳಿಯೇ ಹೋದರು. ವೀಸಾ ನವೀಕರಣ ಹತ್ತಿರ ಬಂದಿತ್ತು. ಮನೆಯ ಕರಾರಿಲ್ಲದೆ ವೀಸಾ ಇಲ್ಲ. ವೀಸಾ ಇಲ್ಲದಿದ್ದರೆ ಸಫೂರಾ ಕೂಸನ್ನೆತ್ತಿಕೊಂಡು ಕಾಟಿಪಳ್ಳಕ್ಕೆ, ಮತ್ತೆ ಅದೇ ಕ್ಯಾಸೆಟ್ಟಿಗೆ. ಗಂಡಹೆಂಡಿರ ನಡುವೆ ಮಾತು ಹುಳಿಯಾಯಿತು. ಸ್ವಿಚ್ಚು ಹಾಕಿ ಮರೆತು ಕೂರುತ್ತೀ ಎಂದು ಅವನು, ನೀವು ಕರೆತಂದ ಪ್ಲಂಬರನ ಕೈಗುಣ ಎಂದು ಇವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಇಬ್ಬರೂ ಒಬ್ಬರಿಗೊಬ್ಬರು ಬರೆ ಎಳೆಯುತ್ತಲೇ ಇದ್ದರು.

ಆಗ ಹಂಝ ಅಂಗಡಿಯಲ್ಲಿ ಪರ್ಬುಗಳ ಮುಂದೆ ತನ್ನ ಕಷ್ಟ ತೋಡಿಕೊಂಡ. ಶುಕ್ರವಾರ ಬೆಳಿಗ್ಗೆ ಅವರು ಬಂದರು. ಕೋಟಿನ ಜೇಬಿನಿಂದ ಮೊದಲು ಹೊರಬಿದ್ದದ್ದು ಗಾಜಿನ ಲೋಟ. ಅದರಲ್ಲಿ ಹಿಡಿದ ಬೆಳಗಿನ ನಳ್ಳಿನೀರು ತಿಳಿಯಾಗಿಯೇ ಇತ್ತು. ಹಂಝ ಹಿಂದಿನ ದಿನದ ಬೆಳ್ಳಗಿನ ನೀರಿನ ವರ್ಣನೆ ಮಾಡಿದ ಮೇಲೆ, ಆ ಬಿಳುಪು ತಳದಿಂದ ಮೇಲಕ್ಕೆ ಕರಗಿತೋ ತಳದಲ್ಲಿ ಕೂತಿತೋ ಎಂದು ಕೇಳಿದರು. ಮೇಲಕ್ಕೆ ಕರಗಿದರೆ ಗಾಳಿ, ಕೆಳಗೆ ಕೂತರೆ ಸುಣ್ಣ. ಹಂಝ ಬಾಗಿಲ ಕಡೆಗೆ ತಿರುಗಿ ಬ್ಯಾರಿ ಭಾಷೆಯಲ್ಲಿ ಕೇಳಿ, ಮೇಲಕ್ಕೇ ಎಂದು ಕನ್ನಡದಲ್ಲಿ ಉತ್ತರ ಕೊಟ್ಟ. ಹಾಗಾದರೆ ಗಾಳಿ. ಎಲ್ಲಿಂದ ಒಳಗೆ ಹೋಗುತ್ತದೆ ಎಂಬುದಷ್ಟೇ ಇನ್ನು ಉಳಿದ ಪ್ರಶ್ನೆ. ಯಾವ ಹೊತ್ತಿಗೆ ಕೆಮ್ಮುತ್ತದೆ ಎಂದು ಅವರು ವಿಚಾರಿಸಿದರು.

“ಯಾವಾಗಲೂ ಪರ್ಬುಗಳೇ. ದಿನ ಬೆಳಗಾದರೆ ಗಾಳಿ ಹಿಡಿದ ಪಂಪಿಗೆ ನೀರು ಕುಡಿಸುವುದೇ ನನ್ನ ಕೆಲಸ,” ಎಂದ ಹಂಝ.

ಆಮೇಲೆ ಜೇಬಿನಿಂದ ಗಡ್ಡ ಹೆರೆಯುವ ಬ್ರಶ್ಶು, ಸಾಬೂನು ಹೊರಬಂದವು. ಬಾವಿಯಿಂದ ಪಂಪಿಗೆ ಬರುವ ಪೈಪಿನ ಒಂದೊಂದು ಜೋಡಣೆಗೂ, ಮದುಮಗನ ಕೆನ್ನೆಗೆ ಹಚ್ಚುವ ನಯದಲ್ಲಿ, ಅವರು ನೊರೆ ಹಚ್ಚಿದರು. ಸಂದು ಸಡಿಲವಿದ್ದರೆ ಪೈಪು ನೊರೆಯನ್ನು ಒಳಗೆಳೆದುಕೊಳ್ಳುತ್ತದಂತೆ. ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗಿಟ್ಟು, ಹಿಡಿಯನ್ನು ಬಲಗಿವಿಗಿಟ್ಟು, ಕಣ್ಣು ಮುಚ್ಚಿ ಕುಕ್ಕರುಗಾಲಲ್ಲಿ ಕೂತರು. ಅಷ್ಟು ಹೊತ್ತು ಅಲುಗಾಡದೆ ಕೂತ ಕೋಟಿನ ಹಿರಿಯರನ್ನು ಕಂಡು ಶೈಮಾ ತಾಯಿಯ ಸೊಂಟದ ಮೇಲಿಂದಲೇ ಅವರಿಗೆ ಮಾತು ಹಾಕಿತು. ಒಂದು ಜೋಡಣೆಯಲ್ಲಿ ನೊರೆ ಸಣ್ಣಗೆ ಮಾಯವಾಯಿತು. ಬಿಚ್ಚಿ, ಸಣಬಿನ ಎಳೆ ಸುತ್ತಿ, ಬಿಗಿ ಮಾಡಿದರು. ಇನ್ನೊಂದನ್ನು ಮುಟ್ಟಲಿಲ್ಲ, ಒಂದು ಸಲಕ್ಕೆ ಒಂದೇ. ಮಾರನೆಯ ಸಂಜೆ ನಳ್ಳಿ ಮೊದಲಿಗಿಂತ ಜೋರಾಗಿ ಕೆಮ್ಮಿತು. ಸುದ್ದಿ ಹೇಳಲು ಹಂಝ ಫೋನು ಮಾಡಿದರೆ ಆ ಕಡೆಯಿಂದ ಬಂದದ್ದು ಅದೇ ಸಂತುಷ್ಟ ದನಿ: “ಇದಲ್ಲ. ಒಳ್ಳೆಯದಾಯಿತು.”

ಎರಡನೆಯ ಶುಕ್ರವಾರ ಪೈಪಿನ ಬುಡದ ಫುಟ್‌ವಾಲ್ವಿನ ಸರದಿ. ನೀರನ್ನು ಮೇಲೆ ಬಿಟ್ಟು ಕೆಳಗೆ ಬಿಡದ ಬಾಗಿಲು ಅದು. ಅದು ಸೋರಿದರೆ ಪೈಪು ಬರಿದಾಗಿ ಗಾಳಿ ತುಂಬುತ್ತದೆ. ಮೇಲೆಳೆದು ನೋಡಿದರೆ ರಬ್ಬರಿನ ಕೆಳಗೆ ಒಂದು ಹರಳು ಮರಳು. ಹಂಝನಿಗೆ ಕಳ್ಳ ಸಿಕ್ಕಿದಷ್ಟು ಸಂತೋಷವಾಯಿತು. ಆ ವಾರ ದೋಹಾದಲ್ಲಿ ಅಪರೂಪದ ಮಳೆಯೂ ಬಂದಿತ್ತು, ಬೆಳಗಿನ ಬಾವಿಯಲ್ಲಿ ನೀರೂ ಚೆನ್ನಾಗಿ ನಿಂತಿತ್ತು. ಹೊಸ ವಾಲ್ವು ಇಳಿಸಿ, ಸುಕ್ಕಿನುಂಡೆ ತಿಂದು, ಪರ್ಬುಗಳು ವಾರೆ ನಡೆಯಲ್ಲಿ ಹೊರಟುಹೋದರು. ಎರಡು ಸಂಜೆ ಕಳೆಯುವುದರೊಳಗೆ ಮತ್ತೆ ಕೆಮ್ಮು, ಮತ್ತೆ ಫೋನು, ಮತ್ತೆ ಅದೇ ಮಾತು. ಈ ಸಲ ಹಂಝನಿಗೆ ನಗು ಬರಲಿಲ್ಲ. ಮನೆ ಬಿಡಬೇಕಾದವರು ನಾವು, ಇವರಿಗೆ ಎಲ್ಲವೂ ಒಳ್ಳೆಯದೇ ಆಗುತ್ತದೆ ಎಂದು ಗೊಣಗಿದ. ಸಫೂರಾ ಆ ರಾತ್ರಿ ಟ್ರಂಕಿನಲ್ಲಿ ಶೈಮಾಳ ಸಣ್ಣ ಅಂಗಿಗಳನ್ನು ಮಡಚಿಡತೊಡಗಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಳ್ಳಿಯ ಮುಂದೆ ದಿನವಿಡೀ ನಿಲ್ಲುವವಳು ಸಫೂರಾ. ಅದರ ಪ್ರತಿಯೊಂದು ಉಸಿರೂ ಅವಳಿಗೆ ಗೊತ್ತು. ಆದರೆ ಪರ್ಬುಗಳು ಮರ್ಯಾದಸ್ಥರು. ಹರೆಯದ ಬ್ಯಾರಿ ಹೆಣ್ಣುಮಗಳನ್ನು ಗಂಡನೆದುರಿಗೆ ನೇರ ಮಾತಾಡಿಸುವುದು ತರವಲ್ಲವೆಂದು ಕೇಳುವುದನ್ನೆಲ್ಲ ಗಂಡನನ್ನೇ ಕೇಳುತ್ತಿದ್ದರು. ಹಂಝನೂ ಮರ್ಯಾದಸ್ಥ, ಹೆಂಡತಿಗೆ ತೊಂದರೆ ಬೇಡವೆಂದು ತಾನೇ ಉತ್ತರಿಸುತ್ತಿದ್ದ. ಸಫೂರಾಳದೂ ಮರ್ಯಾದೆಯೇ, ಕೇಳದೆ ಹೇಳಬಾರದೆಂದು ಅವಳು ಬಾಗಿಲ ಹಿಂದೆ ಸುಮ್ಮನಿದ್ದಳು. ಮೂವರ ಸದ್ಗುಣ ಸೇರಿ ಒಂದು ಮನೆಯನ್ನು ಮುಳುಗಿಸುವುದರಲ್ಲಿತ್ತು.

ಮೂರನೆಯ ಶುಕ್ರವಾರ ಪರ್ಬುಗಳು ಏನನ್ನೂ ಜೇಬಿನಿಂದ ತೆಗೆಯಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮೀಸೆ ನೇವರಿಸಿದರು. ಆಮೇಲೆ ತಲೆಯೆತ್ತಿ ಕೇಳಿದರು:

“ಬ್ಯಾರಿಗಳೇ, ನಳ್ಳಿ ಕೆಮ್ಮುವ ಹೊತ್ತಿಗೆ ನೀವು ಎಲ್ಲಿರುತ್ತೀರಿ?”

“ಅಂಗಡಿಯಲ್ಲಿ. ಮತ್ತೆಲ್ಲಿಗೆ ಹೋಗುವುದು?”

ಪರ್ಬುಗಳು ಎದ್ದು ನಿಂತರು. ಕೋಟಿನ ಎಂದೂ ಹಾಕದ ಗುಂಡಿಯನ್ನು ಹಾಕಿಕೊಂಡರು. ಅಡುಗೆಮನೆಯ ಬಾಗಿಲಿನತ್ತ ತಿರುಗಿ, ಕಣ್ಣನ್ನು ನೆಲದ ಮೇಲಿಟ್ಟು, ಇಗರ್ಜಿಯಲ್ಲಿ ನಿಂತವರಂತೆ ಕೈಕಟ್ಟಿ ಹೇಳಿದರು: “ತಂಗಿ, ನಿಮ್ಮನ್ನು ಮೊದಲ ದಿನವೇ ಕೇಳಬೇಕಿತ್ತು. ಕೇಳಲಿಲ್ಲ, ನನ್ನದು ತಪ್ಪಾಯಿತು. ಅದು ಕೆಮ್ಮುವುದು ಯಾವಾಗ?”

ಸಫೂರಾಳಿಗೆ ಉತ್ತರ ಗೊತ್ತಿತ್ತು. ಆ ಉತ್ತರ ಎತ್ತ ಬೆರಳು ತೋರಿಸುತ್ತದೆಂಬುದೂ ಕೆಲವು ದಿನಗಳಿಂದ ಒಳಗೊಳಗೇ ಹೊಳೆಯುತ್ತಿತ್ತು. ಹೇಳಿದರೆ ತಪ್ಪು ತನ್ನ ತಲೆಗೆ. ಹೇಳದಿದ್ದರೆ ಮೋಟಾರು ಸುಡುತ್ತದೆ. ಸೊಂಟದ ಮೇಲಿದ್ದ ಮಗುವನ್ನು ಇನ್ನಷ್ಟು ಒತ್ತಿ ಹಿಡಿದು, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಅವಳು ಬಾಗಿಲ ಮರೆಯಿಂದ ಮೆಟ್ಟಿಲಿಗೆ ಬಂದಳು.

“ಸಂಜೆ ಪರ್ಬುಗಳೇ. ಬಸಳೆಗೆ, ಬಾಳೆಗೆ ನೀರು ಬಿಟ್ಟು ಮುಗಿಯುವ ಹೊತ್ತಿಗೆ. ಬೆಳಿಗ್ಗೆ ಅದು ಕೆಮ್ಮಿದ್ದೇ ಇಲ್ಲ.”

ಆ ದಿನ ಪರ್ಬುಗಳು ಮನೆಗೆ ಹೋಗಲಿಲ್ಲ. ಹಂಝನೊಂದಿಗೆ ಊಟ ಮಾಡಿ, ಸಂಜೆಯವರೆಗೆ ಕಾದು, ಎಂದಿನಂತೆಯೇ ತೋಟಕ್ಕೆ ನೀರು ಬಿಡಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದು ಸಫೂರಾಳಿಗೆ ಹೇಳಿದರು. ನಳ್ಳಿ ಮೊದಲ ಸಲ ಉಗುಳಿದ ಕೂಡಲೇ ಒಳಗಿನಿಂದ ಕನ್ನಡಿ ತರಿಸಿ, ಇಳಿಬಿಸಿಲನ್ನು ಹಿಡಿದು ಬಾವಿಯೊಳಕ್ಕೆ ಎಸೆದರು. ಮೂವರೂ ಬಗ್ಗಿ ನೋಡಿದರು. ಬೆಳಿಗ್ಗೆ ತುಂಬಿ ನಿಂತಿದ್ದ ನೀರು ತಳ ಕಚ್ಚಿತ್ತು. ಹೊಸ ಫುಟ್‌ವಾಲ್ವು ಅರ್ಧ ಗಾಳಿಯಲ್ಲಿ ನಿಂತು, ಲೋಟದ ಕೊನೆಯ ಪಾನಕ ಹೀರುವ ಮಗುವಿನಂತೆ ಸದ್ದು ಮಾಡುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಪೈಪಿನ ಉದ್ದಕ್ಕೂ ಗಾಳಿ ಹುಡುಕಿದವರು ಈ ಹೊತ್ತಿನಲ್ಲಿ ಬಾವಿಯನ್ನೇ ಇಣುಕಿರಲಿಲ್ಲ. ಇಣುಕುವುದಾದರೂ ಹೇಗೆ? ಮಳೆ ಬಂದ ವಾರದಲ್ಲಿ ಬಾವಿ ಬತ್ತುತ್ತದೆಂದು ನಮ್ಮ ಕರಾವಳಿಯ ಯಾವ ತಲೆಗೆ ಹೊಳೆಯಬೇಕು? ಅಲ್ಲಿ ಮಳೆ ಹನಿದರೆ ಬಾವಿ ಕೈಗೆಟುಕುತ್ತದೆ. ಇಲ್ಲಿ ನೆಲ ತನ್ನ ನೀರನ್ನು ಇಡೀ ದಿನ ತೊಟ್ಟಿಕ್ಕಿ ಕೂಡಿಸಿ ಕೊಡುತ್ತಿತ್ತು. ಅದನ್ನು ಸಂಜೆಯ ಒಂದೇ ಹೊತ್ತಿನಲ್ಲಿ ಬಸಳೆ ಕುಡಿದು ಮುಗಿಸುತ್ತಿತ್ತು.

ಹಂಝ ನೆಟ್ಟಗಾದ. ಸಫೂರಾಳಿಗೆ ಅವನ ಮುಖ ನೋಡಬೇಕೆನಿಸಲಿಲ್ಲ. “ಹಾಗಾದರೆ ಇದೆಲ್ಲ ಇವಳ...” ಎಂದು ಅವನು ಶುರು ಮಾಡುವಷ್ಟರಲ್ಲಿ ಪರ್ಬುಗಳು ಕನ್ನಡಿಯನ್ನು ಅವನ ಕೈಗಿತ್ತರು.

“ಬ್ಯಾರಿಗಳೇ, ಇವರು ಹೇಳದಿದ್ದರೆ ನಾನು ಬರುವ ರಂಜಾನಿನವರೆಗೂ ಪೈಪಿಗೆ ಸಾಬೂನು ಹಚ್ಚುತ್ತಿದ್ದೆ.”

ಹಂಝ ಕನ್ನಡಿ ಹಿಡಿದು ಮತ್ತೊಮ್ಮೆ ಬಾವಿಗೆ ಬಗ್ಗಿದ. ಅಷ್ಟರಲ್ಲಿ ಆಡುಗಳನ್ನು ನೋಡಲು ಬಂದಿದ್ದ ಬೂ ನಾಸಿರ್, ಬಾವಿಯ ಸುತ್ತ ಜನ ಬಗ್ಗಿರುವುದನ್ನು ಕಂಡು ಕೋಲೂರಿಕೊಂಡು ಅಲ್ಲಿಗೇ ಬಂದರು. ಬತ್ತಿದ ಬಾವಿಯನ್ನು ನೋಡಿ ಅವರ ಹುಬ್ಬು ಗಂಟಿಕ್ಕಿತು. ಇದನ್ನು ಯಾರು ಮಾಡಿದ್ದೆಂದು ಕೇಳಿದರು. ಸಫೂರಾಳಿಗೆ ಅರಬ್ಬಿ ಅಷ್ಟಾಗಿ ಬಾರದು, ಆದರೆ ಆ ಪ್ರಶ್ನೆ ಅರ್ಥವಾಗಲು ಭಾಷೆ ಬೇಕಿರಲಿಲ್ಲ.

ಪರ್ಬುಗಳು ಬೆಣ್ಣೆಯಿಂದ ಕೂದಲು ತೆಗೆದಂತೆ ಹೇಳಿದರು: “ಮಾಫಿ ನಫರ್, ಬೂ ನಾಸಿರ್. ಬೀರ್ ತಅಬಾನ್.”

ಯಾರೂ ಅಲ್ಲ, ಬಾವಿಗೆ ದಣಿವಾಗಿದೆ. ಆಮೇಲೆ ಬೆರಳು ಮಡಚಿ, ಕೈ ಅಲ್ಲಾಡಿಸಿ, ತಮಗೆ ಗೊತ್ತಿದ್ದ ಮುರುಕು ಅರಬ್ಬಿಯಲ್ಲಿ, ಈ ಬಾವಿ ವಯಸ್ಸಾದವರ ಹಾಗೆ, ಸ್ವಲ್ಪ ಕೆಲಸ ಮಾಡಿದರೆ ಸ್ವಲ್ಪ ಕೂರಬೇಕು, ಕೂತರೆ ಮತ್ತೆ ಎದ್ದು ಕೊಡುತ್ತದೆ ಎಂದು ವಿವರಿಸಿದರು. ಬೂ ನಾಸಿರ್ ಕೋಲಿನ ಮೇಲೆ ಬಗ್ಗಿ ಬಾವಿಯನ್ನು ಇನ್ನೊಮ್ಮೆ ನೋಡಿದರು. ಕೊನೆಗೆ ಅವರ ಮುಖ ಸಡಿಲಾಯಿತು. ತನ್ನ ತಾಯಿಯೂ ಈ ಬಾವಿಯಿಂದ ಬೆಳಗಿನ ನೀರು ಸೇದಿದ ಮೇಲೆ ಇಳಿಹೊತ್ತಿನ ಅಸರ್ ನಮಾಜಿನವರೆಗೆ ಯಾರಿಗೂ ಹಗ್ಗ ಮುಟ್ಟಲು ಬಿಡುತ್ತಿರಲಿಲ್ಲ, ಪಂಪು ಬಂದ ಮೇಲೆ ನಾವೆಲ್ಲ ಅದನ್ನು ಮರೆತೆವು ಎಂದರು. ಹೋಗುವಾಗ ಶೈಮಾಳ ಗಲ್ಲ ಹಿಂಡಿ, ಕರಾರಿನ ಕಾಗದ ಕಳುಹಿಸು ಎಂದು ಹಂಝನಿಗೆ ಹೇಳಿ ಹೋದರು.

ಪರಿಹಾರ ಎಷ್ಟು ಸುಲಭದ್ದೆಂದರೆ ಹೇಳಲು ನಾಚಿಕೆಯಾಗಬೇಕು. ಪಂಪಿನಾಚೆಯ ತಿರುಪನ್ನು ಅರ್ಧ ಮುಚ್ಚಿ, ಬಾವಿ ಕೊಡುವ ವೇಗದಲ್ಲಷ್ಟೇ ನೀರು ಹೋಗುವ ಹಾಗೆ ಮಾಡಿದರು. ಬಸಳೆಗೆ ಬೆಳಿಗ್ಗೆ, ಹರಿವೆಗೆ ಸಂಜೆ, ಬಾಳೆಗೆ ಬಚ್ಚಲಿನ ನೀರು ಎಂದು ಸಫೂರಾಳೇ ಹಂಚಿದಳು. ನಳ್ಳಿಯ ಕೆಮ್ಮು ನಿಂತಿತು. ವೀಸಾ ಆಯಿತು. ಟ್ರಂಕಿನಿಂದ ಸಣ್ಣ ಅಂಗಿಗಳು ಹೊರಬಂದವು, ಅಷ್ಟರಲ್ಲಿ ಅವುಗಳಲ್ಲಿ ಕೆಲವು ಶೈಮಾಳಿಗೆ ಬಿಗಿಯಾಗಿದ್ದವು.

ಸಫೂರಾ ಈಗಲೂ ನೆನೆಯುವುದು ನೀರನ್ನಷ್ಟೇ ಅಲ್ಲ. ಆ ಶುಕ್ರವಾರದ ತನಕ ಅವಳಿಗೆ ಏನು ಗೊತ್ತೆಂದು ಯಾವ ಗಂಡಸೂ ಎದ್ದು ನಿಂತು ಕೇಳಿರಲಿಲ್ಲ. ಕೇಳಿದ ಮೇಲೂ ಆ ಉತ್ತರವನ್ನು ಅವಳ ಮೇಲೆಯೇ ತಿರುಗಿಸದವರು ಪರ್ಬುಗಳೊಬ್ಬರೇ. ಅದು ಹಂಝನಿಗೂ ಎಲ್ಲೋ ನಾಟಿರಬೇಕು. ಆಮೇಲೆ ಅಂಗಡಿಯಲ್ಲಿ ಏನಾದರೂ ಎಡವಟ್ಟಾದರೆ ಮನೆಗೆ ಬಂದು, ನಿನಗೇನು ಅನ್ನಿಸುತ್ತದೆ ಎಂದು ಅವಳನ್ನು ಕೇಳುವುದು ರೂಢಿಯಾಯಿತು. ಅಲ್ ಹಿಲಾಲ್‌ನ ಅವರ ಮನೆಗೆ ಹೋಗುವ ಸೊಪ್ಪಿನ ಕಟ್ಟನ್ನು ಅವಳು ಎಂದೂ ಬೇರೆಯವರ ಕೈಯಲ್ಲಿ ಕಟ್ಟಿಸಲಿಲ್ಲ. ಪರ್ಬುಗಳಿಗಾಗಿ ಅವಳು ಮಾಡಿದ ದುವಾಗಳ ಲೆಕ್ಕವನ್ನು ದೇವರೇ ಇಟ್ಟಿರಬೇಕು.

ಏನಾದರೂ ಕೆಟ್ಟಾಗ ‘ಯಾರು’ ಎಂದು ಕೇಳುವವರಿಗೆ ಲೋಕದಲ್ಲಿ ಎಂದೂ ಬರವಿಲ್ಲ. ಆ ಪ್ರಶ್ನೆಗೆ ಉತ್ತರವೂ ಬೇಗ ಸಿಗುತ್ತದೆ, ಏಕೆಂದರೆ ಪ್ರತಿ ಮನೆಯಲ್ಲೂ ಬಾಗಿಲ ಮರೆಯಲ್ಲಿ ನಿಂತ ಒಬ್ಬರು ಇದ್ದೇ ಇರುತ್ತಾರೆ. ‘ಯಾವಾಗ’ ಎಂದು ಕೇಳಿ, ಉತ್ತರಕ್ಕಾಗಿ ಸಂಜೆಯವರೆಗೆ ಕಾದು ಕೂರುವವರು ಎಲ್ಲೋ ಒಬ್ಬರು. ಅವರ ಹೆಸರು ಯಾವ ಗೋಡೆಯ ಮೇಲೂ ಇರುವುದಿಲ್ಲ, ಅವರನ್ನು ಬುದ್ಧಿವಂತರೆಂದು ಕೂಡ ಜನ ಹೇಳುವುದಿಲ್ಲ. ಆದರೆ ಅವರು ಬಂದುಹೋದ ಮನೆಯಲ್ಲಿ ಕೆಟ್ಟದ್ದು ಸರಿಯಾಗಿರುತ್ತದೆ, ಮತ್ತು ಸೋತವರು ಯಾರೂ ಇರುವುದಿಲ್ಲ.